ತಂದೆಯ ತಂದೆಯ ತಂದೆ: ವೈ ವರ್ಣತಂತುವಿನ ಗುಂಪುಗಳನ್ನು ಓದುವ ಬಗೆ

ಮನುಷ್ಯನ ಜೀವಕೋಶದಲ್ಲಿರುವ 23 ಜೋಡಿ ವರ್ಣತಂತುಗಳ ಪೈಕಿ 22 ಜೋಡಿಗಳು ತಮ್ಮ ತಮ್ಮೊಳಗೆ ತುಣುಕುಗಳನ್ನು ಅದಲುಬದಲು ಮಾಡಿಕೊಂಡೇ ಮುಂದಿನ ಪೀಳಿಗೆಗೆ ದಾಟುತ್ತವೆ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು ಹಾಗಲ್ಲ. ಎರಡು ತುದಿಗಳ ಚಿಕ್ಕ ಭಾಗಗಳನ್ನು ಬಿಟ್ಟರೆ ಅದಕ್ಕೆ ಅದಲುಬದಲಿಗೆ ಒದಗುವ ಜೊತೆಯೇ ಇಲ್ಲ. ಆದ್ದರಿಂದ ಅದು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಇದ್ದದ್ದು ಇದ್ದಂತೆಯೇ ಇಳಿಯುತ್ತದೆ. 'ಬಹುಮಟ್ಟಿಗೆ' ಎಂಬ ಮಾತಿನಲ್ಲೇ ಈ ವಿಷಯದ ತಿರುಳಿದೆ. ವೈ ಒಂದಿಷ್ಟೂ ಬದಲಾಗದೆ ಇಳಿಯುತ್ತಿದ್ದರೆ ಲೋಕದ ಗಂಡಸರೆಲ್ಲರ ವೈ ಒಂದೇ ಆಗಿರುತ್ತಿತ್ತು, ಅದರಿಂದ ವಂಶದ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಓಲೆಗರಿಯ ಹಸ್ತಪ್ರತಿಗಳನ್ನು ನೆನೆಯುವುದು ಅನುಕೂಲ. ಒಂದು ಕಾವ್ಯದ ಹತ್ತು ಪ್ರತಿಗಳು ಸಿಕ್ಕಾಗ ಸಂಪಾದಕರು ಮೊದಲು ನೋಡುವುದು ಲಿಪಿಕಾರರ ಸ್ಖಾಲಿತ್ಯಗಳನ್ನು. ಒಬ್ಬ ಲಿಪಿಕಾರ ಒಂದು ಅಕ್ಷರ ತಪ್ಪಿದರೆ ಆ ಪ್ರತಿಯಿಂದ ಮುಂದೆ ಇಳಿದ ಪ್ರತಿಗಳೆಲ್ಲವೂ ಆ ತಪ್ಪನ್ನು ಹೊತ್ತಿರುತ್ತವೆ. ಅದರ ಮೇಲೆ ತಮ್ಮದೇ ಹೊಸ ತಪ್ಪುಗಳನ್ನೂ ಸೇರಿಸಿಕೊಳ್ಳುತ್ತವೆ. ಯಾವ ಯಾವ ಪ್ರತಿಗಳು ಯಾವ ತಪ್ಪನ್ನು ಹಂಚಿಕೊಂಡಿವೆ ಎಂದು ಗುರುತಿಸಿದರೆ ಮೂಲಪ್ರತಿ ಕೈಯಲ್ಲಿಲ್ಲದಿದ್ದರೂ ಪ್ರತಿಗಳ ವಂಶವೃಕ್ಷವನ್ನು ಬರೆಯಬಹುದು. ವೈ ವರ್ಣತಂತುವಿನ ಅಧ್ಯಯನವೂ ಇದೇ ಕ್ರಮದ್ದು. ಇಲ್ಲಿ ಸ್ಖಾಲಿತ್ಯದ ಹೆಸರು ಉತ್ಪರಿವರ್ತನೆ. ಒಂದೇ ಉತ್ಪರಿವರ್ತನೆಯನ್ನು ಹೊತ್ತ, ಒಬ್ಬನೇ ಪೂರ್ವಜನಿಂದ ಇಳಿದ ಗಂಡಸರ ಗುಂಪಿಗೆ ಹ್ಯಾಪ್ಲೋಗ್ರೂಪ್ ಎಂದು ಹೆಸರು.

ಈ ಗುರುತುಗಳಲ್ಲಿ ಎರಡು ಬಗೆಗಳಿವೆ. ಡಿಎನ್‌ಎಯ ಒಂದೇ ಅಕ್ಷರ ಬದಲಾದ ಎಸ್‌ಎನ್‌ಪಿ ಅಪರೂಪಕ್ಕೆ ಸಂಭವಿಸುತ್ತದೆ, ಒಮ್ಮೆ ಆದರೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಹ್ಯಾಪ್ಲೋಗ್ರೂಪ್ ನಿರ್ಧಾರವಾಗುವುದು ಇದರಿಂದಲೇ. ಚಿಕ್ಕ ಅಕ್ಷರಗುಚ್ಛವೊಂದು ಮತ್ತೆ ಮತ್ತೆ ಬರುವ ಎಸ್‌ಟಿಆರ್‌ನಲ್ಲಿ ಆವರ್ತನೆಗಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಒಂದೊಂದು ಜಾಗದಲ್ಲಿ ಸಾವಿರ ತಲೆಮಾರಿಗೆ ಸುಮಾರು ಎರಡು ಮೂರು ಬಾರಿ ಹೀಗಾಗುತ್ತದೆ. ಹತ್ತಿರದ ಬಂಧುಗಳನ್ನು ಹೋಲಿಸಲು, ಅಪರಾಧ ತನಿಖೆಗೆ ಇದು ಉಪಯುಕ್ತ. ಆದರೆ ಸಂಬಂಧವೇ ಇಲ್ಲದ ಇಬ್ಬರಲ್ಲಿ ಒಂದೇ ಸಂಖ್ಯೆ ಆಕಸ್ಮಿಕವಾಗಿ ಬರುವ ಸಾಧ್ಯತೆ ಇರುವುದರಿಂದ ಸಾವಿರಾರು ವರ್ಷಗಳ ಹಿಂದಿನ ಮಾತಿಗೆ ಎಸ್‌ಟಿಆರ್ ಒಂದನ್ನೇ ನಂಬಬಾರದು.

2002ರಲ್ಲಿ ಒಪ್ಪಿತವಾದ ಪದ್ಧತಿಯಂತೆ ಮುಖ್ಯ ಕೊಂಬೆಗಳಿಗೆ ಇಂಗ್ಲಿಷ್ ವರ್ಣಮಾಲೆಯ ದೊಡ್ಡಕ್ಷರಗಳು, ಕವಲುಗಳಿಗೆ ಅಂಕಿ ಮತ್ತು ಸಣ್ಣಕ್ಷರಗಳು ಒಂದರ ಹಿಂದೆ ಒಂದಾಗಿ ಬರುತ್ತವೆ. ಈಗ ಕೊಂಬೆಗಳು ಎ ಯಿಂದ ಟಿ ವರೆಗೆ ಇವೆ. ಹೊಸ ಕವಲು ಸಿಕ್ಕಾಗಲೆಲ್ಲ ಉದ್ದ ಹೆಸರುಗಳು ಬದಲಾಗುತ್ತವೆ ಎಂಬುದು ಕಲಿಯುವವರಿಗೆ ದೊಡ್ಡ ತಲೆನೋವು. ಪೂರ್ವ ಮತ್ತು ಮಧ್ಯ ಭಾರತದ ಮುಂಡಾ ಭಾಷಿಕರಲ್ಲಿ ಹೆಚ್ಚಾಗಿ ಕಾಣುವ ಕವಲು ಹಳೆಯ ಲೇಖನಗಳಲ್ಲಿ ಓ2ಎ, ಹೊಸವುಗಳಲ್ಲಿ ಓ1ಬಿ1ಎ1ಎ. ಎರಡನ್ನೂ ಗುರುತಿಸುವ ಉತ್ಪರಿವರ್ತನೆ ಮಾತ್ರ ಎಂ95 ಒಂದೇ. ಆದ್ದರಿಂದ ಟಿಪ್ಪಣಿ ಬರೆದುಕೊಳ್ಳುವಾಗ ಕೊಂಬೆಯ ಅಕ್ಷರದ ಜೊತೆಗೆ ಈ ಗುರುತಿನ ಹೆಸರನ್ನು ಬರೆದುಕೊಳ್ಳುವುದೇ ಕ್ಷೇಮ.

ಕಾಲಗಣನೆಯ ಲೆಕ್ಕ ಸರಳವಾಗಿದೆ, ಅದರ ಫಲವನ್ನು ಮಾತ್ರ ಅಂದಾಜು ಎಂದೇ ತೆಗೆದುಕೊಳ್ಳಬೇಕು. ವೈ ವರ್ಣತಂತುವಿನ ಪೂರ್ಣ ಪಾಠ ದೊರೆತದ್ದು 2023ರಲ್ಲಿ. ಅದರ ಉದ್ದ ಸುಮಾರು 6.2 ಕೋಟಿ ಅಕ್ಷರಗಳು. ಅದರಲ್ಲಿ ಬಹುಭಾಗ ಪುನರಾವರ್ತನೆಗಳಿಂದ ತುಂಬಿರುವುದರಿಂದ ವಂಶಾಧ್ಯಯನಕ್ಕೆ ನಂಬಿಕೆಯಿಂದ ಓದಬಹುದಾದದ್ದು ಒಂದು ಕೋಟಿಯ ಆಸುಪಾಸು. ಒಂದು ಅಕ್ಷರಕ್ಕೆ ವರ್ಷಕ್ಕೆ ನೂರು ಕೋಟಿಯಲ್ಲಿ 0.76 ಪಾಲಿನಷ್ಟು ಬದಲಾವಣೆ ಎಂದು ಹಿಡಿದರೆ, ಈ ಒಂದು ಕೋಟಿ ಅಕ್ಷರಗಳಲ್ಲಿ ಸುಮಾರು 130 ವರ್ಷಕ್ಕೊಂದು ಹೊಸ ಗುರುತು ಮೂಡುತ್ತದೆ. ಇಬ್ಬರು ಗಂಡಸರ ವಂಶಗಳು ಕವಲೊಡೆದ ಮೇಲೆ ಒಬ್ಬೊಬ್ಬರಲ್ಲೂ ಸರಾಸರಿ 30 ಹೊಸ ಗುರುತುಗಳಿದ್ದರೆ ಅವರ ಸಮಾನ ಪೂರ್ವಜ ಸುಮಾರು 3,900 ವರ್ಷಗಳ ಹಿಂದೆ ಇದ್ದನೆನ್ನಬಹುದು. ಗುರುತುಗಳು ಆಕಸ್ಮಿಕವಾಗಿ ಮೂಡುವಂಥವಾದ್ದರಿಂದ ಇದು ನೂರಾರು ವರ್ಷ ಹಿಂದೆ ಮುಂದೆ ಆಗಬಹುದು.

ಮರದ ಬುಡದ ಕಾಲವೂ ಸ್ಥಿರವಲ್ಲ. 2013ರಲ್ಲಿ ಅಮೆರಿಕದ ಆಫ್ರಿಕನ್ ಮೂಲದ ಕುಟುಂಬವೊಂದರಲ್ಲಿ, ಆ ಮೇಲೆ ಕ್ಯಾಮರೂನಿನ ಎಂಬೊ ಜನರಲ್ಲಿ ಉಳಿದೆಲ್ಲಕ್ಕಿಂತ ಮೊದಲೇ ಬೇರೆಯಾದ ಎ00 ಎಂಬ ಕವಲು ಪತ್ತೆಯಾದಾಗ ಎಲ್ಲ ಗಂಡಸರ ಸಮಾನ ಪೂರ್ವಜನ ಕಾಲ ಒಮ್ಮೆಲೇ ಹಿಂದಕ್ಕೆ ಸರಿಯಿತು. ಪತ್ರಿಕೆಗಳು ಅವನನ್ನು 'ಆದಾಮ' ಎಂದು ಕರೆಯುತ್ತವೆ; ಅವನ ಕಾಲದಲ್ಲಿ ಬೇರೆ ಗಂಡಸರೂ ಇದ್ದರು, ಅವರ ಗಂಡುಸಂತತಿಯ ಸಾಲು ಎಲ್ಲೋ ನಿಂತುಹೋಯಿತು, ಅಷ್ಟೆ.

ಈ ವಿಧಾನದ ಬಲ ಮತ್ತು ಮಿತಿ ಎರಡೂ ಒಟ್ಟಿಗೆ ಕಾಣುವ ಪ್ರಕರಣ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನದು. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಮಡಿದ ಅವನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲುಗಡೆಯ ಜಾಗವೊಂದರ ಕೆಳಗೆ ದೊರೆಯಿತು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯಿಯ ಸಾಲನ್ನು ತೋರಿಸುವ ಮೈಟೋಕಾಂಡ್ರಿಯದ ಡಿಎನ್‌ಎ ಅವನ ಅಕ್ಕನ ಹೆಣ್ಣುಸಂತತಿಯ ಮೂಲಕ ಬಂದವರ ಡಿಎನ್‌ಎಗೆ ಹೊಂದಿತು. ವೈ ಹೊಂದಲಿಲ್ಲ. ರಿಚರ್ಡನ ಮುತ್ತಾತನ ತಂದೆಯಾದ ಮೂರನೇ ಎಡ್ವರ್ಡನಿಂದಲೇ ಇಳಿದವನೆಂದು ದಾಖಲೆಗಳು ಹೇಳುವ ಬ್ಯೂಫೋರ್ಟಿನ ಐದನೇ ಡ್ಯೂಕನ ಗಂಡುಸಂತತಿಯ ಐವರನ್ನು ಪರೀಕ್ಷಿಸಲಾಯಿತು. ರಿಚರ್ಡನದು ಜಿ ಗುಂಪು. ಐವರಲ್ಲಿ ನಾಲ್ವರು ಆರ್1ಬಿ, ಒಬ್ಬ ಐ. ಅಂದರೆ ಆ ಒಬ್ಬನ ಸಾಲು ತೀರ ಈಚೆಗೆ, ಕಳೆದ ನಾಲ್ಕು ತಲೆಮಾರುಗಳೊಳಗೆ ಕಡಿದಿದೆ. ಉಳಿದ ನಾಲ್ವರ ಸಾಲು ಮತ್ತು ರಿಚರ್ಡನ ಸಾಲಿನ ನಡುವಿನ 19 ಕೊಂಡಿಗಳಲ್ಲಿ ಎಲ್ಲೋ ಒಂದು ಕಡೆ ವಂಶಾವಳಿಯಲ್ಲಿ ಬರೆದಿರುವ ತಂದೆ ನಿಜವಾದ ತಂದೆಯಲ್ಲ. ತಲೆಮಾರಿಗೆ ನೂರಕ್ಕೆ ಒಂದೆರಡು ಇಂಥ ಸಂಗತಿಗಳಾದರೂ 19 ಕೊಂಡಿಗಳಲ್ಲಿ ಒಂದಾದರೂ ಕಡಿದಿರುವ ಸಂಭವ ಸುಮಾರು ಶೇ. 16ರಷ್ಟು ಎಂದು ಸಂಶೋಧಕರು ಲೆಕ್ಕ ಹಾಕಿದರು. ಯಾವ ಕೊಂಡಿ ಎಂಬುದನ್ನು ವೈ ಹೇಳುವುದಿಲ್ಲ. ರಾಜಮನೆತನದ ವಂಶಾವಳಿಯ ಗತಿಯೇ ಹೀಗಾದರೆ, ನಮ್ಮ ಮನೆಗಳ ಕಪಾಟಿನಲ್ಲಿರುವ ವಂಶವೃಕ್ಷದ ಹಾಳೆಗಳನ್ನು ಸ್ವಲ್ಪ ವಿನಯದಿಂದ ನೋಡುವುದು ಒಳ್ಳೆಯದು.

ಭಾರತದ ಗಂಡಸರಲ್ಲಿ ಎಚ್, ಎಲ್, ಜೆ2, ಆರ್1ಎ, ಆರ್2 ಗುಂಪುಗಳು ವ್ಯಾಪಕವಾಗಿವೆ. ಯುರೋಪಿನ ರೋಮಾ ಜನರ ಪೂರ್ವಿಕರು ಭಾರತದಿಂದ ಹೊರಟವರೆಂಬ ಭಾಷಾಶಾಸ್ತ್ರದ ನಿರ್ಣಯಕ್ಕೆ ಅವರಲ್ಲಿರುವ ಎಚ್ ಗುಂಪಿನ ಎಂ82 ಗುರುತು ಬಲ ತಂದಿತು. ಆರ್1ಎ ಗುಂಪಿನ ಝಡ್93 ಕವಲು ಯುರೇಷ್ಯಾದ ಹುಲ್ಲುಗಾವಲು ಸೀಮೆಯ ಕಂಚಿನ ಯುಗದ ಅಸ್ಥಿಗಳಲ್ಲೂ ಇಂದಿನ ದಕ್ಷಿಣ ಏಷ್ಯಾದಲ್ಲೂ ಇದೆ. 1,244 ಗಂಡಸರ ವೈಗಳನ್ನು ಹೋಲಿಸಿದ 2016ರ ಅಧ್ಯಯನ ಇದರೊಳಗಿನ ಹಠಾತ್ ವಿಸ್ತರಣೆಯನ್ನು 4,000ದಿಂದ 4,500 ವರ್ಷಗಳ ಹಿಂದಕ್ಕೆ ಇಡುತ್ತದೆ. ಇಲ್ಲಿಂದ ಆರ್1ಎ ಇದ್ದವನು ಇಂಥ ಜಾತಿಯವನು ಎಂಬ ತೀರ್ಮಾನಕ್ಕೆ ಹಾರುವವರು ಬಹಳ. ಆ ಹಾರಿಕೆ ತಪ್ಪು: ಚೆಂಚು ಬುಡಕಟ್ಟಿನವರಲ್ಲೂ ಆರ್1ಎ ಇದೆ, ಬ್ರಾಹ್ಮಣರಲ್ಲೂ ಎಚ್, ಎಲ್, ಜೆ2 ಇವೆ. ಹರಿಯಾಣದಲ್ಲಿರುವ ಹರಪ್ಪ ನಾಗರಿಕತೆಯ ನೆಲೆ ರಾಖಿಗಢಿಯ ವಿಷಯದಲ್ಲೂ ಇಂಥ ಗೊಂದಲವಿದೆ. 2019ರಲ್ಲಿ ಅಲ್ಲಿಂದ ಪ್ರಕಟವಾದ ಡಿಎನ್‌ಎ ಒಬ್ಬ ಹೆಂಗಸಿನದು. ಅದರಲ್ಲಿ ವೈ ಇರುವುದೇ ಇಲ್ಲವಾದ್ದರಿಂದ ಹರಪ್ಪದವರ ಹ್ಯಾಪ್ಲೋಗ್ರೂಪನ್ನು ಅದರಿಂದ ಹೇಳಲಾಗದು.

ವೈ ಹಿಡಿಯುವುದು ಒಂದೇ ಎಳೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬನ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ವೈ ತೋರಿಸುವುದು ಅದರಲ್ಲಿ ಒಂದನ್ನು. ಅದಕ್ಕೇ ಉತ್ತರ ಕನ್ನಡದ ಸಿದ್ದಿ ಸಮುದಾಯವನ್ನೂ ಒಳಗೊಂಡ 2011ರ ಅಧ್ಯಯನ ವೈ, ಮೈಟೋಕಾಂಡ್ರಿಯ ಮತ್ತು ಉಳಿದ ವರ್ಣತಂತುಗಳನ್ನು ಒಟ್ಟಿಗೆ ಓದಿದ ಮೇಲೆಯೇ ಅವರ ಮೂಲವನ್ನು ಆಫ್ರಿಕಾದ ಬಂಟು ಭಾಷಿಕರಲ್ಲಿ ಗುರುತಿಸಿ, ಸುತ್ತಲಿನ ಜನರೊಡನೆ ಬೆರಕೆಯಾದದ್ದು ಸುಮಾರು 200 ವರ್ಷಗಳೊಳಗೆ ಎಂದಿತು.

ಗೋತ್ರ ತಂದೆಯ ಸಾಲಿನಲ್ಲಿ ಇಳಿಯುವುದರಿಂದ ಅದನ್ನು ವೈಯೊಡನೆ ಹೋಲಿಸಿ ನೋಡುವ ಆಸೆ ಸಹಜ. ದತ್ತು ಮತ್ತು ಗುರುಪರಂಪರೆಯ ಮೂಲಕ ಬಂದ ಗೋತ್ರಗಳು ಅಲ್ಲಿ ಎಡರುತ್ತವೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಅಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆಯಿಲ್ಲ. ಹಾಗಾಗಿ ಒಬ್ಬ ಗಂಡಸಿನ ವೈ ಅವನ ತಂದೆಯದು, ಅಂದರೆ ಬೇರೆ ಬಳಿಯಿಂದ ಬಂದದ್ದು. ಅವನ ಮಗನಿಗೆ ಅದೇ ವೈ ಇಳಿದರೂ ಮಗ ಹೆಂಡತಿಯ ಬಳಿಯವನು. ಹಿಂದೆ ಆಸ್ತಿ ಸಾಗುತ್ತಿದ್ದದ್ದು ಸೋದರಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಆದರೆ ಅವರಿಬ್ಬರ ವೈ ಸಾಮಾನ್ಯವಾಗಿ ಬೇರೆ ಬೇರೆ. ಬಳಿಯ ಹಳೆತನವನ್ನು ಪರೀಕ್ಷಿಸಬೇಕೆಂದರೆ ಅಲ್ಲಿ ಓದಬೇಕಾದದ್ದು ಮೈಟೋಕಾಂಡ್ರಿಯವನ್ನು.