ಮುರಕಲ್ಲಿನ ಬಾವಿ ನೀರಲ್ಲಿ ಮೀನು ಸಾಕುವವರಿಗೆ: ಕೆಎಚ್ (ಆಮ್ಲವನ್ನು ತಡೆಯುವ ನೀರಿನ ಶಕ್ತಿ) ಬಗ್ಗೆ ಟಿಪ್ಪಣಿ

ಉಡುಪಿಯ ನಮ್ಮ ಮನೆ ಬಾವಿ ಮುರಕಲ್ಲು (ಲ್ಯಾಟರೈಟ್ ಎಂಬ ಕೆಂಪು ಕಲ್ಲು) ಕಡಿದು ತೋಡಿದ್ದು. ಕುಡಿಯಲು ಬಲು ರುಚಿಯಾದ ನೀರು. ಅದೇ ನೀರು ತುಂಬಿದ 54 ಲೀಟರಿನ ಟ್ಯಾಂಕಿನಲ್ಲಿ ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆರು ಗಪ್ಪಿ ಮೀನುಗಳು ಒಂದೇ ರಾತ್ರಿ ಸತ್ತವು. ಕಾರಣ ಹುಡುಕುತ್ತಾ ಕಲಿತದ್ದು ಇಲ್ಲಿದೆ.

ಮೊದಲು ಎಲ್ಲರೂ ಹೇಳಿಕೊಡುವ ಪಾಠ. ಮೀನು ಕಿವಿರುಗಳಿಂದಲೇ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲಿನೆರಡೂ ವಿಷ. ನೈಟ್ರೇಟನ್ನು ಮೀನು ಒಂದಷ್ಟು ತಡೆದುಕೊಳ್ಳುತ್ತದೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ಟ್ಯಾಂಕಿನಲ್ಲಿ ಈ ವ್ಯವಸ್ಥೆ ಕುದುರಲು 4ರಿಂದ 6 ವಾರ ಬೇಕು.

ನಮ್ಮ ಊರಿಗೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಆಮ್ಲವನ್ನು ಹೀರಿಕೊಂಡು ಪಿಎಚ್ (ಹುಳಿ-ಕ್ಷಾರದ ಅಳತೆ, ಇಳಿದಷ್ಟೂ ನೀರು ಹುಳಿ) ಇಳಿಯದಂತೆ ಕಾಯುತ್ತದೆ. ಈ ಶಕ್ತಿಯ ಅಳತೆಯೇ ಕೆಎಚ್. ಅಮೋನಿಯಾದಲ್ಲಿರುವ 1 ಮಿಲಿಗ್ರಾಂ ಸಾರಜನಕ ಹೀಗೆ ಬದಲಾಗಲು ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಸುಣ್ಣಕಲ್ಲಿನ ಸೀಮೆಯ ನೀರಿನಲ್ಲಿ ಅದು ಧಾರಾಳ. ನಮ್ಮ ಮುರಕಲ್ಲಿನ ಸುಣ್ಣದಂಶವನ್ನು ಮಳೆ ಎಂದೋ ತೊಳೆದೊಯ್ದಿದೆ. ಉಳಿದಿರುವುದು ಕಬ್ಬಿಣ, ಅಲ್ಯೂಮಿನಿಯಂಗಳೇ ಹೆಚ್ಚು. ನಮ್ಮ ಬಾವಿ ನೀರಿನ ಕೆಎಚ್ ಅಳೆದಾಗ ಬಂದದ್ದು ಬರೀ 1 ಡಿಗ್ರಿ (ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ).

ಹಾಗಾಗಿ ಟ್ಯಾಂಕಿನ ಪಿಎಚ್ ಮೆಲ್ಲನೆ 6ಕ್ಕೆ ಇಳಿದಿತ್ತು. ಅಷ್ಟು ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ಬಹುಮಟ್ಟಿಗೆ ನಿಂತು ಅಮೋನಿಯಾ ಸೇರುತ್ತಾ ಹೋಗುತ್ತದೆ. ಆದರೂ ಮೀನು ಆರಾಮಾಗಿ ಈಜುತ್ತವೆ, ಯಾಕೆಂದರೆ ಪಿಎಚ್ ಕಡಿಮೆಯಿದ್ದಾಗ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ಅಪಾಯವಿಲ್ಲ. ಪಿಎಚ್ ಏರಿಸಬೇಕೆಂದು ನಾನು ಎರಡು ಚಮಚ ಅಡುಗೆ ಸೋಡಾ ಒಮ್ಮೆಲೇ ಹಾಕಿಬಿಟ್ಟೆ. ಪಿಎಚ್ ಏರಿದಂತೆ ಅಮೋನಿಯಂ ಮತ್ತೆ ವಿಷದ ಅಮೋನಿಯಾ ಆಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿದ್ದರೆ, 8ರಲ್ಲಿ ಶೇ. 5 ದಾಟುತ್ತದೆ. ಆ ರಾತ್ರಿ ಮೀನುಗಳನ್ನು ಕೊಂದದ್ದು ಇದೇ. ಈ ಒಂದು ಲೆಕ್ಕ ಮೊದಲೇ ಗೊತ್ತಿದ್ದರೆ ಅವು ಬದುಕುತ್ತಿದ್ದವು.

ನಿಮಗೂ ಹೀಗಾದರೆ ಪಿಎಚ್ ಮುಟ್ಟಬೇಡಿ. ಅದೇ ಬಾವಿ ನೀರಿನಿಂದ ದಿನಕ್ಕೆ ಹತ್ತರಲ್ಲೊಂದು ಭಾಗ ಬದಲಿಸುತ್ತಾ ಮೊದಲು ಅಮೋನಿಯಾ ಇಳಿಸಿ. ಆಮೇಲೆ ಕೆಎಚ್ ಏರಿಸಿ: 50 ಲೀಟರಿಗೆ ಒಂದು ಟೀ ಚಮಚ ಸೋಡಾ ಸುಮಾರು 4 ಡಿಗ್ರಿ ಏರಿಸುತ್ತದೆ, ಅದನ್ನು ನಾಲ್ಕೈದು ದಿನಕ್ಕೆ ಹಂಚಿ ನೀರಲ್ಲಿ ಕರಗಿಸಿ ಹಾಕಿ. ನಾನೀಗ ಬಳಸುವುದು ಮರುವಾಯಿಯ (ತಿನ್ನುವ ಕಪ್ಪೆಚಿಪ್ಪಿನ ಜೀವಿ) ಚಿಪ್ಪು. ಸಾರು ಮಾಡಿ ಉಳಿದ ಚಿಪ್ಪನ್ನು ಉಜ್ಜಿ ತೊಳೆದು, ಕುದಿಸಿ, ಒಣಗಿಸಿ, ಜಜ್ಜಿ ಒಂದು ಹಿಡಿಯಷ್ಟು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟಿದ್ದೇನೆ. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಏರಿದಂತೆ ನಿಧಾನವಾಗುತ್ತದೆ. ಚಿಪ್ಪಿನ ಸುಣ್ಣದಿಂದ ನೀರಿಗೆ ಬರುವ ಗಡಸುತನ ಗಪ್ಪಿ, ಮೋಲಿ ಮೀನುಗಳಿಗೆ ಇಷ್ಟ.

ಇನ್ನೊಂದು: ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಪಿಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಕೆಟಿನಲ್ಲಿ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಹಾಕಿ ರಾತ್ರಿಯಿಡೀ ಬಿಟ್ಟು ಅಳೆಯಿರಿ.

ತುಂಬೆ ಅಣೆಕಟ್ಟಿನ ನಲ್ಲಿ ನೀರು ಬಳಸುವ ಮಂಗಳೂರಿನವರು ಕ್ಲೋರಿನ್ ಕಳೆಯಲು ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಲೇಬೇಕು, ಬ್ಯಾಕ್ಟೀರಿಯಾಗಳು ಸಾಯದಂತೆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಬೇಕು.