ಬಾಗಿದ ಟ್ರಾಲಿ ಎಕ್ಸೆಲ್: ಕಾಯಿಸಿ ನೆಟ್ಟಗೆ ಮಾಡಿಸಬೇಕೋ, ಹೊಸದು ಹಾಕಬೇಕೋ?

ಪ್ರಶ್ನೆ: "ನಮ್ದು ಎರಡು ಗಾಲಿ ಟ್ರಾಲಿ ಅದರಿ. ಕಬ್ಬು ಹೇರ್ಕೊಂಡು ಹೊಲದಾಗಿಂದ ರೋಡಿಗಿ ಏರಿಸುವಾಗ ಎಡಗಾಲಿ ಕುಸೀತು. ಹೊರಗ ತೆಗೆದು ನೋಡಿದ್ರ ಆ ಗಾಲಿ ತಲಿ ಒಳಗ ವಾಲ್ಯಾದ. ವೆಲ್ಡಿಂಗ್ ಅಂಗಡಿಯವರು ಕಾಯಿಸಿ ನೆಟ್ಟಗ ಮಾಡಿ ಕೊಡ್ತೀನಿ ಅಂತಾರ. ಮಾಡಿಸ್ಬೇಕಾ, ಹೊಸಾದೇ ಹಾಕ್ಬೇಕಾ? ಹೊಸಾದು ತರೂದಿದ್ರ ಅಳತಿ ಏನೇನು ತಗೋಬೇಕು?"
ಆಳಂದ ತಾಲ್ಲೂಕಿನ ರೈತರೊಬ್ಬರು

ಉತ್ತರ: ಎಕ್ಸೆಲ್ಲೇ ಬಾಗಿರುವುದು ಖಾತ್ರಿಯಾದರೆ ಹೊಸದೇ ಹಾಕಿ. ಆದರೆ ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಬೇಕು. ಗಾಲಿ ವಾಲುವುದಕ್ಕೆ ಬೇರೆ ಕಾರಣಗಳೂ ಇವೆ, ಅವುಗಳ ರಿಪೇರಿ ಅಗ್ಗ.

ಟ್ರಾಲಿ ಖಾಲಿ ಮಾಡಿ, ಗಾಲಿಯನ್ನು ನೆಲದಿಂದ ಎರಡು ಬೆರಳು ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಗಟಗಟ ಆಡಿದರೆ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ಆಡದಿದ್ದರೆ ಗಾಲಿಯನ್ನು ತಿರುಗಿಸಿ. ತಿರುಗುವಾಗ ಅದು ಓಲಾಡಿದರೆ ತಪ್ಪು ರಿಮ್ಮಿನದು ಅಥವಾ ಹಬ್ಬಿನದು (ಹಬ್ ಎಂದರೆ ಗಾಲಿಯ ನಡುವಿನ, ಬೇರಿಂಗ್ ಕೂರುವ ಭಾಗ). ಬಾಗಿದ ಎಕ್ಸೆಲ್ ಮೇಲಿನ ಗಾಲಿ ಓಲಾಡುವುದಿಲ್ಲ, ವಾಲಿದಂತೆಯೇ ಸಮನಾಗಿ ತಿರುಗುತ್ತದೆ. ಎಕ್ಸೆಲ್ ಜೊತೆ ಗಾಲಿ ತಿರುಗುವುದಿಲ್ಲ, ಎಕ್ಸೆಲ್ ಸುತ್ತ ತಿರುಗುತ್ತದೆ ಎಂಬುದನ್ನು ನೆನಪಿಟ್ಟರೆ ಇದು ತಿಳಿಯುತ್ತದೆ. ಕೊನೆಗೆ ಎಕ್ಸೆಲ್ಲಿನ ಚೌಕ ಭಾಗದ ಉದ್ದಕ್ಕೂ ಒಂದು ದಾರ ಬಿಗಿಯಾಗಿ ಹಿಡಿಯಿರಿ, ಒಮ್ಮೆ ಮೇಲ್ಮೈಗೆ, ಒಮ್ಮೆ ಹಿಂಬದಿಗೆ. ನಡುವೆ ಬೆಳಕು ಕಂಡರೆ, ಅಥವಾ ದಾರವೇ ನೇರ ಕೂರದಿದ್ದರೆ, ಅನುಮಾನವಿಲ್ಲ.

ಕಾಯಿಸುವುದು ಯಾಕೆ ಬೇಡ? ಟ್ರಾಲಿ ಎಕ್ಸೆಲ್ಲಿಗೆ ಸಾಮಾನ್ಯವಾಗಿ ಬಳಸುವುದು ಇಎನ್ 8 ಜಾತಿಯ ಉಕ್ಕು, ಅದರಲ್ಲಿ ಸುಮಾರು 0.4% ಇಂಗಾಲ ಇರುತ್ತದೆ. ಕೆಂಪಗೆ ಕಾಯಿಸಿ ನೀರು ಸುರಿದರೆ ಆ ಜಾಗ ಗಾಜಿನಂತೆ ಪೆಡಸಾಗುತ್ತದೆ. ತಾನಾಗಿ ಆರಲು ಬಿಟ್ಟರೆ ಮೊದಲಿನ ಬಲ ಉಳಿಯುವುದಿಲ್ಲ, ಮುಂದಿನ ಭಾರಕ್ಕೆ ಅಲ್ಲೇ ಮತ್ತೆ ಬಾಗುತ್ತದೆ. ಮೇಲೊಂದು ಪಟ್ಟಿ ಇಟ್ಟು ವೆಲ್ಡ್ ಮಾಡಿದರೆ ಇನ್ನೂ ಕೆಟ್ಟದ್ದು: ವೆಲ್ಡಿನ ಅಂಚು ಬೇಗ ತಣಿದು ಗಡುಸಾಗಿ, ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಬಾಗಿದ ಎಕ್ಸೆಲ್ ಕಣ್ಣಿಗೆ ಕಾಣುತ್ತದೆ, ಬಿರುಕು ಬಿಟ್ಟದ್ದು ಕಾಣದೆ ತುಂಬಿದ ರಸ್ತೆಯಲ್ಲಿ ತುಂಡಾಗುತ್ತದೆ. ಹಿಂದೆ ಬೈಕಿನವರು ಇರುತ್ತಾರೆ. ಕಾಯಿಸದೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡುವವರೂ ಇದ್ದಾರೆ, ಅದು ಕಾಯಿಸುವುದಕ್ಕಿಂತ ಮೇಲು. ನೀರಿನ ಟ್ಯಾಂಕರಿಗೂ ಕಬ್ಬಿಗೂ ನಾವು ಅದನ್ನೂ ಒಪ್ಪುವುದಿಲ್ಲ.

ಇನ್ನು ಅಳತೆ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಬಾಗಿದ ಎಕ್ಸೆಲ್ಲನ್ನು ಈ ತುದಿಯಿಂದ ಆ ತುದಿಗೆ ಅಳೆದರೆ ಅಳತೆ ಕಡಿಮೆ ಬರುತ್ತದೆ. ಅದರ ಬದಲು ಚೆನ್ನಾಗಿರುವ ಬದಿಯಲ್ಲಿ, ಕಮಾನ್ ಪಟ್ಟಿಗಳನ್ನು ನಡುವೆ ಪೋಣಿಸಿ ಹಿಡಿದಿರುವ ಸೆಂಟರ್ ಬೋಲ್ಟಿನಿಂದ ರಿಮ್ ಕೂರುವ ಹಬ್ ಮುಖದವರೆಗೆ ಅಳೆಯಿರಿ. ಅದನ್ನು ಎರಡು ಪಟ್ಟು ಮಾಡಿ, ಎರಡೂ ಸೆಂಟರ್ ಬೋಲ್ಟುಗಳ ನಡುವಿನ ಅಂತರವನ್ನು ಕೂಡಿಸಿ. ಈ ಅಂತರವನ್ನು ಚಾಸಿಯಲ್ಲಿ (ಟ್ರಾಲಿಯ ತಳದ ಚೌಕಟ್ಟಿನಲ್ಲಿ) ಕಮಾನು ತೂಗುವ ಬ್ರಾಕೆಟ್ಟುಗಳ ನಡುವೆ ಅಳೆದು ಖಾತ್ರಿ ಮಾಡಿಕೊಳ್ಳಿ. ಹಬ್ ಮುಖದಿಂದ ಹಬ್ ಮುಖಕ್ಕೆ ಬರುವ ಈ ಲೆಕ್ಕವೇ ಅಂಗಡಿಗೆ ಹೇಳಬೇಕಾದ್ದು.

"ನಾಲ್ಕು ಇಂಚು ಉದ್ದ ಇದ್ದರೂ ನಡೀತದ" ಎಂದು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ನಾಲ್ಕು ಇಂಚು ಎಂದರೆ ಒಂದೊಂದು ಬದಿಗೆ ಎರಡಿಂಚು, ಸುಮಾರು 5 ಸೆಂ.ಮೀ. ಕಮಾನಿನ ನಡುವಿನಿಂದ ಟೈರಿನ ನಡುವಿಗೆ 30 ಸೆಂ.ಮೀ ಇದ್ದದ್ದು 35 ಆದರೆ, ಅದೇ ಭಾರಕ್ಕೆ ಎಕ್ಸೆಲ್ಲನ್ನು ಬಗ್ಗಿಸುವ ಒತ್ತಡ ಆರರಲ್ಲೊಂದು ಪಾಲು ಹೆಚ್ಚುತ್ತದೆ. ದಪ್ಪದ ಲೆಕ್ಕ ಇದಕ್ಕೆ ಉಲ್ಟಾ, ನಿಮಗೆ ಲಾಭದ್ದು: 65 ಎಂಎಂ ಚೌಕದ ಬದಲು 75 ಎಂಎಂ ಹಾಕಿದರೆ ಬಾಗದೆ ನಿಲ್ಲುವ ಶಕ್ತಿ ಒಂದೂವರೆ ಪಟ್ಟು. ಹತ್ತು ಎಂಎಂಗೆ ಇಷ್ಟು ಸಿಗುವುದರಿಂದ ಕಬ್ಬು ಹೊಡೆಯುವವರಿಗೆ 75 ಹಾಕಿ ಎನ್ನುತ್ತೇವೆ. ಆಗ ಎಕ್ಸೆಲ್ಲನ್ನು ಕಮಾನಿಗೆ ಬಿಗಿಯುವ ಯೂ ಬೋಲ್ಟು, ಅದರ ತಳದ ಪ್ಲೇಟು ಎರಡೂ ದೊಡ್ಡವು ಬೇಕು. ಎಕ್ಸೆಲ್ ದಪ್ಪವಾಯಿತೆಂದು ಆರ್‌ಸಿಯಲ್ಲಿ ಬರೆದ ಭಾರ ಏರುವುದಿಲ್ಲ, ಟೈರಿನ ಮತ್ತು ಕಮಾನಿನ ತಾಕತ್ತೂ ಹಳೆಯದೇ.

ಇನ್ನೂ ಮೂರು ಬರೆದುಕೊಳ್ಳಿ: ಹಬ್ಬಿನ ಸ್ಟಡ್ (ಗಾಲಿ ನಟ್ಟು ಕೂರುವ ಬೋಲ್ಟು) 6 ಇವೆಯೋ 8 ಇವೆಯೋ, ಎದುರುಬದುರು ಸ್ಟಡ್ಡುಗಳ ನಡುವಿನ ಅಂತರ ಎಷ್ಟು, ಒಳ ಹೊರ ಬೇರಿಂಗ್ ನಂಬರ್ ಯಾವುವು. ಈ ಬೇರಿಂಗ್ ನಂಬರಿನ ಕೊನೆಯ ಎರಡಂಕೆಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ ಸಿಗುತ್ತದೆ. 32211 ಆದರೆ 55 ಎಂಎಂ, 32213 ಆದರೆ 65. ಹೊಸ ಎಕ್ಸೆಲ್ಲಿನ ಬೇರಿಂಗ್ ಕೂರುವ ಜಾಗವನ್ನು ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಅಂಗಡಿಯಲ್ಲೇ ನೋಡಿ.

ಗುಜರಿಯ ಎಕ್ಸೆಲ್ ತರುವುದಿದ್ದರೆ ಒಂದು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಬೇರಿಂಗ್ ಕೂರುವ ದುಂಡನೆ ಭಾಗ ಚೌಕಕ್ಕೆ ಸೇರುವ ಮೂಲೆಯನ್ನೂ ಕಮಾನು ಕೂರುವ ಜಾಗವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ಹೊಳಪು ಬರಿಸಿ. ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ. ಬಿರುಕಿದ್ದರೆ ಒಳಗೆ ನಿಂತ ಎಣ್ಣೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ.

ಬಿಚ್ಚುವ ಕೆಲಸ ಎರೆಹೊಲದಲ್ಲಿ ಬೇಡ, ಜಾಕ್ ಹೂತುಹೋಗುತ್ತದೆ. ಅಂಗಳದ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ನೇರವಾಗಿ ಜಾಕ್ ಇಡುವುದೂ ಬೇಡ. ಅದು ಪದರುಪದರಾದ ಸುಣ್ಣದ ಕಲ್ಲು, ಒಂದೇ ಬಿಂದುವಿನ ಭಾರಕ್ಕೆ ಸೀಳುತ್ತದೆ. ದಪ್ಪ ಮರದ ದಿಮ್ಮಿ ಅಡಿಗಿಡಿ. ಟ್ರಾಲಿ ಟ್ರ್ಯಾಕ್ಟರಿಗೆ ಸಿಕ್ಕಿಕೊಂಡೇ ಇರಲಿ, ಟ್ರ್ಯಾಕ್ಟರ್ ಗೇರಿನಲ್ಲಿ, ಬ್ರೇಕ್ ಹಾಕಿ, ಗಾಲಿಗೆ ಅಡ್ಡ ಕಲ್ಲು ಕೊಟ್ಟಿರಲಿ. ಬಿಡಿಸಿ ನಿಲ್ಲಿಸಿದರೆ ಹಿಂಭಾರವಾಗಿ ಮೂಗು ಮೇಲೆದ್ದೀತು. ಗಾಲಿ ನಟ್ಟುಗಳನ್ನು ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಆಧಾರ ಚಾಸಿಗೆ ಕೊಡಬೇಕು, ಕಮಾನಿನ ಹಿಂದೆ ಮುಂದೆ ಎರಡೂ ಬದಿ, ಒಟ್ಟು ನಾಲ್ಕು. ಜಾಕೊಂದನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು.

ಯೂ ಬೋಲ್ಟಿನ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ. ಬಾರದಿದ್ದರೆ ಕತ್ತರಿಸಿಬಿಡಿ. ಹೇಗೂ ಹಳೆಯ ಯೂ ಬೋಲ್ಟ್ ಮತ್ತೆ ಹಾಕುವಂತಿಲ್ಲ, ಒಮ್ಮೆ ಜಗ್ಗಿದ್ದು ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. 75 ಎಂಎಂ ಚೌಕದ, 1.8 ಮೀಟರ್ ಉದ್ದದ ಎಕ್ಸೆಲ್ ಹಬ್ಬಿಲ್ಲದೆಯೇ ಸುಮಾರು 80 ಕೆಜಿ. ಕೊನೆಯ ನಟ್ಟು ಬಿಚ್ಚುವ ಮೊದಲು ಅಡಿಗೆ ಜಾಕ್ ಕೊಟ್ಟಿರಲೇಬೇಕು.

ಎಕ್ಸೆಲ್ ಇಳಿದ ಮೇಲೆ ಕಮಾನ್ ಪಟ್ಟಿಗಳನ್ನು ನೋಡಿ. ಒಂದು ಪಟ್ಟಿ ಮುರಿದಿದ್ದರೂ, ಸೆಂಟರ್ ಬೋಲ್ಟ್ ಕಡಿದಿದ್ದರೂ ಈಗಲೇ ಬದಲಿಸಿ. ಹೊಸ ಎಕ್ಸೆಲ್ ಎತ್ತುವಾಗ ಸೆಂಟರ್ ಬೋಲ್ಟಿನ ತಲೆ, ಎಕ್ಸೆಲ್ ಮೇಲೆ ಕಮಾನು ಕೂರುವ ಸೀಟಿನ ತೂತಿನಲ್ಲಿ ಪೂರ್ತಿ ಕೂರಬೇಕು. ಕೂರದೆ ಯೂ ಬೋಲ್ಟ್ ಬಿಗಿದರೆ ಮೊದಲ ಬ್ರೇಕಿಗೇ ಎಕ್ಸೆಲ್ ಸರಿಯುತ್ತದೆ. ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ಪೂರ್ತಿ ಬಿಗಿಯುವ ಮೊದಲು ಟೇಪ್ ಹಿಡಿಯಿರಿ: ಟ್ರ್ಯಾಕ್ಟರಿಗೆ ಸಿಕ್ಕಿಸುವ ರಿಂಗಿನ ನಡುವಿನಿಂದ ಎಡ ಹಬ್ಬಿನ ನಡುವಿಗೆ, ಅಲ್ಲಿಂದಲೇ ಬಲ ಹಬ್ಬಿನ ನಡುವಿಗೆ. ಐದು ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಿಡಬೇಡಿ. ಬಿಟ್ಟರೆ ಟ್ರಾಲಿ ಏಡಿಯಂತೆ ಓರೆಯಾಗಿ ನಡೆದು ಟೈರು ತಿನ್ನುತ್ತದೆ.

ಹೊಸ ಎಕ್ಸೆಲ್ ಹಬ್ ಸಮೇತ ಬಂದರೂ ಒಮ್ಮೆ ಬಿಚ್ಚಿ ನೋಡಿ, ಒಳಗೆ ಗ್ರೀಸ್ ನೆಪಮಾತ್ರಕ್ಕೆ ಇದ್ದೀತು. ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತಾ ಹೋಗಿ. ರೋಲರುಗಳ ಸಂದಿಯಿಂದ ಆಚೆ ಬದಿಗೆ ಗ್ರೀಸ್ ಹೊರಬಂದರೆ ತುಂಬಿತು ಎಂದರ್ಥ. ಹಬ್ಬಿನ ಹೊಟ್ಟೆಗೆ ಮೂರನೇ ಒಂದು ಭಾಗ ಸಾಕು, ಪೂರ್ತಿ ತುಂಬಿದರೆ ಕಾದು ಸೀಲು ಒಡೆಯುತ್ತದೆ. ಹೊಸ ಬೇರಿಂಗಿಗೆ ಹಳೆಯ ಕಪ್ (ಬೇರಿಂಗಿನ ಹೊರ ಬಳೆ) ಜೋಡಿಸಬೇಡಿ. ಗಾಲಿ ತಿರುಗಿಸುತ್ತಲೇ ಕ್ಯಾಸಲ್ ನಟ್ಟನ್ನು (ತಲೆಯಲ್ಲಿ ಪಿನ್ ಕೂರುವ ಕಚ್ಚುಗಳಿರುವ ನಟ್ಟು) ಪಾನಾದಿಂದ ಬಿಗಿಯಿರಿ, ಗಾಲಿ ಭಾರವಾದ ಮೇಲೆ ಒಂದು ಕಚ್ಚಿನಷ್ಟು ಹಿಂದೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿ. ಕೈಗೆ ಗೊತ್ತಾಗುವುದೋ ಇಲ್ಲವೋ ಎಂಬಷ್ಟು ಆಟ ಉಳಿದಿರಬೇಕು.

ಮೊದಲು ಖಾಲಿ ಟ್ರಾಲಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ನಟ್ಟು ಬಿಗಿಯಾಗಿದೆ, ಮತ್ತೆ ಬಿಚ್ಚಿ. ಮೊದಲ ಲೋಡ್ ಇಳಿಸಿದ ದಿನ ಯೂ ಬೋಲ್ಟ್, ಗಾಲಿ ನಟ್ಟು ಎರಡನ್ನೂ ಇನ್ನೊಮ್ಮೆ ಬಿಗಿಯಿರಿ, ಯೂ ಬೋಲ್ಟ್ ಖಂಡಿತ ಕಾಲು ಸುತ್ತಾದರೂ ತಿರುಗೀತು. ಮತ್ತು ಹೊಲದಿಂದ ರಸ್ತೆಗೆ ಏರುವ ಆ ಜಾಗಕ್ಕೆ ನಾಲ್ಕು ಬುಟ್ಟಿ ಮೊರಂ ಹಾಕಿಸಿ. ಒಂದು ಗಾಲಿ ಕುಸಿದ ಕ್ಷಣ ಎರಡು ಗಾಲಿಯ ಭಾರದಲ್ಲಿ ಬಹುಪಾಲು ಆ ಒಂದೇ ಬದಿಗೆ ಬೀಳುತ್ತದೆ. ನಿಮ್ಮ ಎಕ್ಸೆಲ್ ಬಾಗಿದ್ದು ಅಲ್ಲೇ.