ಜಾಂಬಿ ಬಂದರೆ ಯಾವ ಸೈಕಲ್? ಗೇರ್ ಬೇಡ ಅಂತ ಇನ್ನೆಷ್ಟು ಸಲ ಹೇಳಲಿ

ಪ್ರಶ್ನೆ: "ಸರ, ನಾಳೆ ಜಾಂಬಿ ಬಂದ್ವು ಅಂತ ತಿಳ್ಕೋರಿ. ಬಸ್ ಇಲ್ಲ, ಪೆಟ್ರೋಲ್ ಇಲ್ಲ. ವಿಜಯಪುರದಿಂದ ಪಾರಾಗಾಕ ಯಾವ ಸೈಕಲ್ ಛಲೋರಿ? 21 ಗೇರಿಂದು ಸಾಕೋ, 24 ಬೇಕೋ?"

ಉತ್ತರ: ಒಂದು ಸಾಕು.

ಜಾಂಬಿ ಅಂದರೆ ಸಿನಿಮಾದಲ್ಲಿ ಸತ್ತ ಮೇಲೂ ಎದ್ದು ಬಂದು ಜನರನ್ನು ಕಚ್ಚುವ ಹೆಣ. ಉತ್ತರ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಬರುತ್ತದೆ. ಜಾಂಬಿ ಜಾಗದಲ್ಲಿ ಒಮ್ಮೆ ಮೂರನೇ ಮಹಾಯುದ್ಧ ಇರುತ್ತದೆ, ಒಮ್ಮೆ ಪ್ರಳಯ ಇರುತ್ತದೆ. ಗೇರ್ ಮಾತ್ರ ಎಲ್ಲದರಲ್ಲೂ ಇರುತ್ತದೆ.

ಪ್ರಶ್ನೆ ಹುಚ್ಚು ಅಂತ ನಾನು ಹೇಳುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯೇ 2011ರಲ್ಲಿ ಜಾಂಬಿ ದಾಳಿಗೆ ತಯಾರಾಗುವುದು ಹೇಗೆ ಅಂತ ಬರೆದು ಪ್ರಕಟಿಸಿತ್ತು. ಅದರೊಳಗೆ ಇದ್ದದ್ದು ನೀರು, ಊಟ, ಔಷಧಿ, ಮನೆಯವರೆಲ್ಲ ಸೇರುವ ಜಾಗ. ನೆರೆಗೆ, ಭೂಕಂಪಕ್ಕೆ ಬೇಕಾಗುವ ತಯಾರಿಯೇ. ಹಾಗೆ ಹೇಳಿದರೆ ಯಾರೂ ಓದುವುದಿಲ್ಲ, ಜಾಂಬಿ ಅಂದರೆ ಓದುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನೆರೆ ಬಂದಾಗ ಮನೆ ಬಿಟ್ಟು ಹೊರಟವರಿಗೆ ಈ ಪಟ್ಟಿ ಬಿಡಿಸಿ ಹೇಳಬೇಕಾಗಿಲ್ಲ.

"ಬುಲೆಟ್ ಬೈಕ್ ಇದೆಯಲ್ಲ" ಅನ್ನುವವರಿಗೆ ಎರಡು ಮಾತು. ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ, ಎಥನಾಲ್ ಬೆರೆಸಿದ್ದು ತೇವ ಬೇರೆ ಹೀರುತ್ತದೆ. ಬಂಕಿನ ಪಂಪ್ ನಡೆಯಲು ಕರೆಂಟ್ ಬೇಕು. ಅದೂ ಅಲ್ಲದೆ ಬುಲೆಟ್ ಶಬ್ದಕ್ಕೆ ಜಾಂಬಿ ಯಾಕೆ, ಅರ್ಧ ಊರೇ ಹೊರಗೆ ಬರುತ್ತದೆ.

ಈಗ ಗೇರ್. ಮಾಸ್ತರಿಕೆ ಮಾಡಿದವನು ನಾನು, ಲೆಕ್ಕ ಹಾಕದೆ ಬಿಡುವವನಲ್ಲ. ಪೆನ್ನು ತಗೊಳ್ಳಿ.

ನಮ್ಮ ಹಳೇ ಕರಿ ಸೈಕಲ್‌ನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು. 28 ಇಂಚಿನ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಒಂದು ಪೆಡಲ್‌ಗೆ 5.4 ಮೀಟರ್ ಹೋಯಿತು. ನಿಮಿಷಕ್ಕೆ 60 ಸಲ ತುಳಿಯಿರಿ, ಅವಸರವೇನಿಲ್ಲ. ಗಂಟೆಗೆ 19 ಕಿ.ಮೀ. ಬರುತ್ತದೆ. ಜಾಂಬಿ ಕಾಲೆಳೆಯುವ ಜಾತಿಯಾದರೆ ಗಂಟೆಗೆ ಮೂರೋ ನಾಲ್ಕೋ ಕಿ.ಮೀ. ಓಡುವ ಜಾತಿ ಅಂತಲೇ ಇಟ್ಟುಕೊಳ್ಳಿ, ದಣಿಯುವುದೂ ಇಲ್ಲ ಅಂತಿಟ್ಟುಕೊಳ್ಳಿ, 15 ಕೊಡೋಣ. 19ರಲ್ಲಿ 15 ಕಳೆಯಿರಿ. ಗಂಟೆಗೊಮ್ಮೆ ನೀವು ನಾಲ್ಕು ಕಿ.ಮೀ. ಮುಂದೆ. ನೀರು ಕುಡಿಯಲು ಪುರಸೊತ್ತು ಸಿಗುತ್ತದೆ.

ಇನ್ನು 21 ಗೇರಿನ ಸೈಕಲ್. ಕಡಿಮೆ ಬೆಲೆಯ ಮಾದರಿಗಳಲ್ಲಿ ಹೆಚ್ಚಾಗಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28ರವರೆಗೆ ಏಳು. ಮೂರೇಳ್ಲಿ 21. ಅಂಗಡಿಯವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನೀವು ಭಾಗಿಸಿ ನೋಡಿ. 42ನ್ನು 28ರಿಂದ ಭಾಗಿಸಿದರೆ ಒಂದೂವರೆ. 24ನ್ನು 16ರಿಂದ ಭಾಗಿಸಿದರೂ ಒಂದೂವರೆ. 34ನ್ನು 22ರಿಂದ ಭಾಗಿಸಿದರೆ ಒಂದೂವರೆಗಿಂತ ಕೂದಲೆಳೆಯಷ್ಟು ಜಾಸ್ತಿ. ಮೂರು ಗೇರ್ ಅಂತ ದುಡ್ಡು ಕೊಟ್ಟಿರಿ, ಸಿಕ್ಕಿದ್ದು ಒಂದು. ಇಂಥ ಜೋಡಿ ಇನ್ನೂ ಇವೆ. ಜತೆಗೆ ಮುಂದೆ ದೊಡ್ಡದು ಹಿಂದೆ ದೊಡ್ಡದು ಹಾಕಿದರೆ ಚೈನ್ ಓರೆಯಾಗಿ ಕರಕರ ಅನ್ನುತ್ತದೆ, ಅದನ್ನು ಹಾಕಬೇಡಿ ಅಂತ ಅವರೇ ಹೇಳುತ್ತಾರೆ. 21 ಎಲ್ಲಿ ಉಳಿಯಿತು?

ಸರಿ, ಅತೀ ಜೋರಿನ ಗೇರ್ ನೋಡೋಣ. 42 ಮತ್ತು 14. ಗಾಲಿ 26 ಇಂಚಿನದು. ಒಂದು ಪೆಡಲ್‌ಗೆ 6.2 ಮೀಟರ್ ಬರುತ್ತದೆ. ನಮ್ಮ ಕರಿ ಸೈಕಲ್‌ಗಿಂತ 80 ಸೆಂಟಿಮೀಟರ್ ಜಾಸ್ತಿ. ಇಷ್ಟಕ್ಕೆ ಇಷ್ಟೆಲ್ಲ ಗದ್ದಲ. ಆ 80 ಸೆಂಟಿಮೀಟರ್ ಕೂಡ ಪುಕ್ಕಟೆ ಬರುವುದಿಲ್ಲ, ಪೆಡಲ್ ಅಷ್ಟು ಬಿಗಿಯಾಗುತ್ತದೆ. ಗೇರ್ ಶಕ್ತಿ ಹುಟ್ಟಿಸುವುದಿಲ್ಲ. ನಿಮ್ಮ ಕಾಲಿನಲ್ಲಿರುವ ಶಕ್ತಿಯನ್ನು ಏರಿಗೆ ಒಂದು ಥರ, ಸಪಾಟಿಗೆ ಒಂದು ಥರ ಹಂಚಿಕೊಡುತ್ತದೆ, ಅಷ್ಟೇ. "ಗೇರ್ ಹಾಕಿದರೆ ತಾನೇ ಓಡುತ್ತದೆ" ಅನ್ನುವವರನ್ನು ಬೋರ್ಡಿನ ಹತ್ತಿರ ಕರೆದು ಇದೇ ಲೆಕ್ಕ ಮಾಡಿಸಿದ್ದೇನೆ. ಲೆಕ್ಕ ಸರಿ ಮಾಡುತ್ತಾರೆ, ಆಮೇಲೆ ಹೋಗಿ 24 ಗೇರಿನದು ತರುತ್ತಾರೆ.

ಏರಿಗೆ ಗೇರ್ ಬೇಕು, ಒಪ್ಪಿದೆ. ಆದರೆ ವಿಜಯಪುರದಲ್ಲಿ ಏರು ಎಲ್ಲಿದೆ? ಇಂಡಿ, ಸಿಂದಗಿ, ತಾಳಿಕೋಟೆ ಕಡೆ ಹೋಗಿ. ಜೋಳದ ಹೊಲ ನೋಡುತ್ತಾ ನೋಡುತ್ತಾ ಆಕಾಶ ಮುಟ್ಟುತ್ತದೆ. ನಮ್ಮ ಕಷ್ಟ ಎದುರು ಗಾಳಿಯದು. ಆಷಾಢದಲ್ಲಿ ಪಶ್ಚಿಮದ ಕಡೆ ಸೈಕಲ್ ಹೊಡೆದವರಿಗೆ ಗೊತ್ತು. ಅದಕ್ಕೆ ಉಪಾಯ ಸಣ್ಣದು. 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಹಲ್ಲಿನದು ಹಾಕಿಸಿ. ಸ್ವಲ್ಪ ನಿಧಾನವಾಗುತ್ತದೆ, ತುಳಿಯಲು ಹಗುರ. ಬೆಳಗಾವಿಯಿಂದ ಪಶ್ಚಿಮಕ್ಕೆ ಚೋರ್ಲಾ ಘಾಟ್ ಕಡೆ ಓಡಿಹೋಗುವ ಯೋಜನೆ ಇದ್ದವರು ಮಾತ್ರ ಗೇರ್ ಇಟ್ಟುಕೊಳ್ಳಲಿ, ಅವರ ಮೇಲೆ ನನ್ನ ತಕರಾರಿಲ್ಲ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಕೈ ಎತ್ತೇ ಎತ್ತುತ್ತಾರೆ. "ಸರ, ನಮ್ಮ ವಿಜಯಪುರ, ಬಾಗಲಕೋಟೆ ಹುಡುಗರು ಸೈಕ್ಲಿಂಗ್‌ನಾಗ ದೇಶಕ್ಕೇ ಹೆಸರು ಮಾಡ್ಯಾರ. ಗೇರ್ ಇಲ್ದ ಮಾಡ್ಯಾರೇನ್ರಿ?" ಈ ಪ್ರಶ್ನೆ ನನಗೆ ಬಲು ಇಷ್ಟ. ರಸ್ತೆ ರೇಸ್‌ನಲ್ಲಿ ಗೇರ್ ಇರುತ್ತದೆ. ಆದರೆ ವೆಲೋಡ್ರೋಮ್, ಅಂದರೆ ಸೈಕಲ್ ರೇಸ್‌ಗೆಂದೇ ಕಟ್ಟಿದ ಮೈದಾನದ ಒಳಗಿನ ಟ್ರ್ಯಾಕ್ ಸೈಕಲ್ ನೋಡಿದ್ದೀರಾ? ಒಂದೇ ಗೇರ್. ಫ್ರೀವೀಲ್ ಇಲ್ಲ, ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಬ್ರೇಕ್ ಕೂಡ ಇಲ್ಲ. ಅದರ ಮೇಲೆ ಜಗತ್ತಿನ ದೊಡ್ಡ ಸ್ಪ್ರಿಂಟರ್‌ಗಳು ಗಂಟೆಗೆ 70 ಕಿ.ಮೀ. ದಾಟುತ್ತಾರೆ. ಅದು ತೊಡೆಯ ಬಲ. ಹಲ್ಲಿನ ಲೆಕ್ಕವೂ ಬೇರೆ, ಮುಂದಿನ ಚಕ್ರ ದೊಡ್ಡದು. ಆದರೂ ಗೇರ್ ಒಂದೇ.

ವೇಗದ ಮಾತು ಬಿಡಿ. ನಿಜವಾದ ತೊಂದರೆ ರಿಪೇರಿಯದು. ಗೇರ್ ಸೈಕಲ್ ಬಲಗಡೆ ಬಿದ್ದರೆ ಹಿಂದಿನ ಗೇರ್ ಸೆಟ್ ಜೋತಿರುವ ಪಟ್ಟಿ ಬಗ್ಗುತ್ತದೆ. ಬಗ್ಗಿದ್ದನ್ನು ಗಮನಿಸದೆ ದೊಡ್ಡ ಹಲ್ಲಿಗೆ ಹಾಕಿದರೆ ಅದು ಸ್ಪೋಕ್‌ನೊಳಗೆ ಹೋಗಿ ಸಿಕ್ಕುತ್ತದೆ. ಅಲ್ಲಿಗೆ ಮುಗಿಯಿತು. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಮಳೆಗಾಲದಲ್ಲಿ ಹೋದರಂತೂ ಮಣ್ಣು ಮೆತ್ತಿಕೊಂಡು ಚೈನ್ ಯಾವುದು, ಗೇರ್ ಯಾವುದು ತಿಳಿಯುವುದಿಲ್ಲ. ಸಾದಾ ಸೈಕಲ್‌ಗೂ ಎರಿ ಮಣ್ಣು ತುಂಬುತ್ತದೆ, ಸುಳ್ಳು ಹೇಳಲಾರೆ. ಮಡ್‌ಗಾರ್ಡ್ ಬಿಚ್ಚಿ ಬಿಸಾಕಿ, ಕಡ್ಡಿಯಿಂದ ಕೆದರಿ, ಹೊರಡಿ. ಚೈನ್ ಸಡಿಲವಾದರೆ ಹಿಂದಿನ ಗಾಲಿಯ ನಟ್ ಬಿಚ್ಚಿ ಹಿಂದಕ್ಕೆ ಎಳೆದು ಬಿಗಿ ಮಾಡಿದರಾಯಿತು. ಒಂದು ಪಾನಾ ಸಾಕು.

ಬಿಡಿ ಭಾಗ ಎಲ್ಲಿಂದ ತರುತ್ತೀರಿ, ಅದನ್ನೂ ಯೋಚಿಸಿ. ಅಂಗಡಿ ಮುಚ್ಚಿದೆ, ಆನ್‌ಲೈನ್ ಇಲ್ಲ. ಆದರೆ 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ವರ್ಷಗಟ್ಟಲೆ ಸೈಕಲ್ ಹಂಚಿದೆ. ಊರೂರಿನ ದನದ ಕೊಟ್ಟಿಗೆಗಳಲ್ಲಿ, ಕಣಿಕೆ ಬಣವೆಯ ಮಗ್ಗುಲಲ್ಲಿ ಅವು ತುಕ್ಕು ಹಿಡಿದು ಬಿದ್ದಿವೆ. ಚೈನ್, ಪೆಡಲ್, ಫ್ರೀವೀಲ್, ಬೇರಿಂಗ್ ಗುಂಡು ಎಲ್ಲ ಅವುಗಳಲ್ಲೇ ಇದೆ. ಆ ಅಗಲದ ಚೈನ್ ನಿಮ್ಮ ಏಳು ಗೇರಿನ ಸಂದಿಯಲ್ಲಿ ಕೂರುವುದೇ ಇಲ್ಲ.

ಇಷ್ಟೂ ಬರೀ ಮಾತು ಅನ್ನಿಸಿದರೆ 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಬಸ್ ನಿಂತಿತ್ತು, ರೈಲು ನಿಂತಿತ್ತು. 15 ವರ್ಷದ ಹುಡುಗಿಯೊಬ್ಬಳು ಗಾಯಗೊಂಡ ತಂದೆಯನ್ನು ಹಿಂದೆ ಕೂರಿಸಿಕೊಂಡು ದೆಹಲಿ ಪಕ್ಕದ ಗುರುಗ್ರಾಮದಿಂದ ಬಿಹಾರದ ದರಭಂಗಾ ಕಡೆಗೆ ಸುಮಾರು 1,200 ಕಿ.ಮೀ. ಸೈಕಲ್ ಹೊಡೆದಳು. ಸೆಕೆಂಡ್ ಹ್ಯಾಂಡ್ ಸಾದಾ ಸೈಕಲ್. ಕ್ಯಾರಿಯರ್ ಇತ್ತು, ಅದೇ ದೊಡ್ಡದು. ನಿಮ್ಮ ದಪ್ಪ ಟಯರಿನ ಶಾಕಪ್ ಸೈಕಲ್‌ಗೆ ಕ್ಯಾರಿಯರ್ ಎಲ್ಲಿದೆ? ಅಪ್ಪನನ್ನು ಎಲ್ಲಿ ಕೂರಿಸುತ್ತೀರಿ?

ಹಾಗಾದರೆ ಯಾವುದು ಕೊಳ್ಳಬೇಕು: ಹೀರೋ, ಏವನ್, ಹರ್ಕ್ಯುಲಿಸ್, ಯಾವುದಾದರೂ ಸರಿ. ಹಳೇ ನಮೂನೆಯ ಕರಿ ಸೈಕಲ್, 28 ಇಂಚಿನ ಗಾಲಿ, ಗಟ್ಟಿ ಕ್ಯಾರಿಯರ್, ಡಬಲ್ ಸ್ಟ್ಯಾಂಡ್. ಕುಳ್ಳಗಿರುವವರು, ಸೀರೆ ಉಟ್ಟವರು ನಡುವಿನ ಪೈಪ್ ಇಲ್ಲದ ಲೇಡೀಸ್ ಸೈಕಲ್ ತಗೊಳ್ಳಿ. ಓಡಿ ಬಂದು ಹತ್ತುವಾಗ ಅದೇ ಮೇಲು. ಒಳಪೆಡಲ್ ಹೊಡೆದು ಕಲಿತ ನನ್ನ ವಯಸ್ಸಿನವರಿಗೆ ಪೈಪ್ ಇದ್ದರೂ ನಡೆಯುತ್ತದೆ. ದೋಷಗಳೂ ಇವೆ. 20 ಕೆ.ಜಿ. ಮೇಲೆ ತೂಕ, ಕಾಂಪೌಂಡ್ ಗೋಡೆ ಹಾರಿಸಲು ಆಗುವುದಿಲ್ಲ. ಮಳೆಯಲ್ಲಿ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿದಂತೆ ಮಾಡುತ್ತದೆ, ಹಿಡಿಯುವುದಿಲ್ಲ. ಮುಂಚೆಯೇ ಹಿಡಿಯಿರಿ.

ಪಂಚರ್‌ಗೆ ಹೆದರಬೇಡಿ, ಆದರೆ ತಯಾರಿರಲಿ. ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಎರಡೂ ನಮ್ಮಲ್ಲಿ ಧಾರಾಳ. ಪ್ಯಾಚ್, ವಾಲ್‌ಟ್ಯೂಬ್, ಪಂಪು ಇಟ್ಟುಕೊಳ್ಳಿ. ಸೊಲ್ಯೂಷನ್ ಒಮ್ಮೆ ತೆರೆದರೆ ಒಣಗುತ್ತದೆ, ಸಣ್ಣ ಟ್ಯೂಬ್‌ಗಳನ್ನೇ ಹೆಚ್ಚು ಇಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಟಯರ್ ಒಳಗೆ ಹುಲ್ಲು ಬಿಗಿಯಾಗಿ ತುಂಬಿ ನಿಧಾನ ಹೋಗಬಹುದು. ಬರೀ ರಿಮ್ ಮೇಲೆ ಮಾತ್ರ ಹೋಗಬೇಡಿ. 1941ರ ಕೊನೆಗೆ ಜಪಾನಿ ಸೈನಿಕರು ಮಲಯಾದಲ್ಲಿ ಸೈಕಲ್ ಮೇಲೆ ನುಗ್ಗಿದರು. ಟಯರ್ ಹೋದಾಗ ರಿಮ್ ಮೇಲೇ ಓಡಿಸಿದರು. ಆ ಸದ್ದು ಕೇಳಿ ಎದುರಿನವರು ಟ್ಯಾಂಕ್ ಬಂತು ಅಂತ ಓಡಿದ್ದುಂಟು. ಜಾಂಬಿ ಮಾತ್ರ ಸದ್ದಿಗೆ ಓಡಿಹೋಗುವುದಿಲ್ಲ, ಓಡಿಬರುತ್ತದೆ.

ಅದಕ್ಕೇ ಚೈನ್‌ಗೆ ಎಣ್ಣೆ ಬೇಕು. ಮನೆಯಲ್ಲಿದೆ ಅಂತ ಕುಸುಬಿ ಎಣ್ಣೆ ಹಾಕಬೇಡಿ, ದಯವಿಟ್ಟು. ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ, ಬಣ್ಣ ತಯಾರಿಸಲು ಬಳಸುವುದೂ ಅದೇ ಗುಣಕ್ಕೆ. ಹೊಲಿಗೆ ಮಷಿನ್ ಎಣ್ಣೆ ಉತ್ತಮ. ಸಿಗದಿದ್ದರೆ ಶೇಂಗಾ ಎಣ್ಣೆ ಒಂದಷ್ಟು ದಿನ ನಡೆಯುತ್ತದೆ. ಕ್ಯಾರಿಯರ್ ಗಡಗಡ ಅಂದರೆ ಬಟ್ಟೆ ಸುತ್ತಿ. ಫ್ರೀವೀಲ್ ಟಿಕ್ ಟಿಕ್ ಅನ್ನುವುದು ಪೆಡಲ್ ನಿಲ್ಲಿಸಿದಾಗ, ಆದ್ದರಿಂದ ಗುಂಪಿನ ಹತ್ತಿರ ತುಳಿಯುತ್ತಲೇ ಇರಿ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಜಾಂಬಿಗೆ ಸೈಕಲ್ ಹೊಡೆಯಲು ಬರುತ್ತದೆಯೇ? ನನ್ನ ತಲೆ ಕೊರೆದದ್ದು ಇದೇ. ಸೈಕಲ್ ಕಲಿಕೆ ಊರು, ಹೆಸರು, ಮಗ್ಗಿ ನೆನಪಿಡುವ ಜಾಗದಲ್ಲಿ ಇರುವುದಿಲ್ಲ. ಕಿರುಮೆದುಳು ಮತ್ತಿತರ ಒಳಭಾಗಗಳಿಗೆ ಸೇರಿದ್ದು. ನೆನಪು ಪೂರ್ತಿ ಹೋದ ರೋಗಿಗಳಲ್ಲೂ ಕೈಕಾಲಿನ ಕಲಿಕೆ ಉಳಿದಿರುವುದನ್ನು ವೈದ್ಯರು ಕಂಡಿದ್ದಾರೆ. ಹಾಗಾಗಿ ಬದುಕಿದ್ದಾಗ ಸೈಕಲ್ ಬರುತ್ತಿದ್ದ ಜಾಂಬಿಗೆ ಆಸೆ ಇದೆ. ಕೈ ಎರಡೂ ಮುಂದೆ ಚಾಚಿಯೇ ಇರುತ್ತವೆ, ಹ್ಯಾಂಡಲ್ ಹಿಡಿಯಲು ಅನುಕೂಲ ಬೇರೆ.

ಆದರೆ ಸಮತೋಲ ನೋಡಿ. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತಿರುಗಿಸಬೇಕು, ಅದೂ ತಕ್ಷಣ, ಕ್ಷಣಕ್ಷಣಕ್ಕೂ. ನಡೆಯುವಾಗಲೇ ತಡವರಿಸುವ ಪ್ರಾಣಿಗೆ ಇದು ಆಗದ ಮಾತು. ಹತ್ತಿದ ಕೂಡಲೇ ಬೀಳುತ್ತದೆ. ಒಂದೇ ಒಂದು ಅಪಾಯ ಇದೆ. ಸಾಕಷ್ಟು ವೇಗ ಸಿಕ್ಕಿಬಿಟ್ಟರೆ ಸೈಕಲ್ ತನ್ನನ್ನು ತಾನೇ ನೆಟ್ಟಗೆ ಇಟ್ಟುಕೊಳ್ಳಬಲ್ಲದು, ಮೇಲೆ ಯಾರೂ ಇಲ್ಲದಿದ್ದರೂ. ಯಾಕೆ ಅನ್ನುವುದು ಈಗಲೂ ಪೂರ್ತಿ ಬಗೆಹರಿದಿಲ್ಲ. ತಿರುಗುವ ಗಾಲಿಯ ಗುಣದಿಂದ ಅಂತ ನಾವೆಲ್ಲ ಪಾಠ ಮಾಡುತ್ತಿದ್ದೆವು. 2011ರಲ್ಲಿ ಅಮೆರಿಕ ಮತ್ತು ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್‌ಗಳು ಆ ಗುಣವನ್ನೇ ರದ್ದು ಮಾಡಿದ ಎರಡು ಗಾಲಿಯ ಸೈಕಲ್ ಕಟ್ಟಿ, ಅದೂ ಬೀಳದೆ ಹೋಗುವುದನ್ನು ತೋರಿಸಿದರು.

ಅಂದರೆ ಜಾಂಬಿ ಸೈಕಲ್ ಮೇಲೆ ಬರಬೇಕಾದರೆ ಯಾರಾದರೂ ಅದನ್ನು ಇಳಿಜಾರಿನಲ್ಲಿ ತಳ್ಳಿಬಿಡಬೇಕು. ವಿಜಯಪುರದವರಿಗೆ ಆ ಚಿಂತೆ ಇಲ್ಲ. ಘಟ್ಟದ ಪಕ್ಕದ ಖಾನಾಪುರದ ಕಡೆಯವರು ನೋಡಿಕೊಳ್ಳಿ.